ಲೋಗೋದಲ್ಲಿ ಖಾಲಿ ಜಾಗ: ಎಲ್ಲಿ ಬಿಡಬೇಕು, ಎಷ್ಟು ಬಿಡಬೇಕು, ಹೇಗೆ ಉಳಿಸಿಕೊಳ್ಳಬೇಕು

ಬೋರ್ಡು ಮಾಡಿಸುವಾಗ ಚದರ ಅಡಿಗೆ ಇಷ್ಟು ಅಂತ ದುಡ್ಡು ಕೊಡುತ್ತೇವೆ. ಕೊಟ್ಟ ಮೇಲೆ ಅದರಲ್ಲಿ ಅರ್ಧ ಖಾಲಿ ಬಿಡಿ ಎಂದರೆ ಯಾವ ಅಂಗಡಿಯವರು ತಾನೇ ಒಪ್ಪುತ್ತಾರೆ? ಹಾಗಾಗಿ ಹೆಸರಿನ ಎಡಕ್ಕೆ ದೇವರ ಫೋಟೊ ಬರುತ್ತದೆ. ಬಲಕ್ಕೆ ಮೂರು ಫೋನ್ ನಂಬರು. ಕೆಳಗೆ ‘ನಮ್ಮಲ್ಲಿ ಎಲ್ಲಾ ಬಗೆಯ’ ಎಂದು ಶುರುವಾಗುವ ಉದ್ದನೆಯ ಪಟ್ಟಿ. ಕೊನೆಗೆ ರಸ್ತೆಯ ಆ ಕಡೆ ನಿಂತವರಿಗೆ ಅಂಗಡಿಯ ಹೆಸರೇ ಓದಲು ಬರುವುದಿಲ್ಲ.

ಡಿಸೈನ್ ಮಾಡುವವರು ಇದಕ್ಕೆಲ್ಲ ಮಾಲೀಕರನ್ನೇ ಬೈಯುತ್ತಾರೆ. ಅದು ಪೂರ್ತಿ ನ್ಯಾಯ ಅಲ್ಲ. ‘ಈ ಜಾಗ ಯಾಕೆ ಖಾಲಿ ಇದೆ?’ ಎಂದು ಕೇಳಿದಾಗ ‘ಚೆನ್ನಾಗಿ ಕಾಣುತ್ತೆ ಸಾರ್’ ಎನ್ನುವುದು ಉತ್ತರವಲ್ಲ. ಕೆಲಸವಿಲ್ಲದೆ ಬಿದ್ದಿರುವ ಜಾಗವನ್ನು ತುಂಬಿಸಿ ಎಂದು ಕೇಳುವ ಹಕ್ಕು ದುಡ್ಡು ಕೊಟ್ಟವರಿಗೆ ಇದ್ದೇ ಇದೆ. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲೂ ಎರಡು ವಿಷಯ ತೀರ್ಮಾನ ಮಾಡುತ್ತಾ ಹೋಗೋಣ: ಈ ಖಾಲಿ ಜಾಗದ ಕೆಲಸ ಏನು, ಅದರ ಅಳತೆ ಎಷ್ಟು. ಎರಡೂ ಗೊತ್ತಿದ್ದರೆ ಅದನ್ನು ಯಾರೂ ಸುಲಭವಾಗಿ ಕಿತ್ತುಕೊಳ್ಳಲಾರರು.

ಲೋಗೋದ ಖಾಲಿ ಜಾಗ ಮೂರು ಕಡೆ ಇರುತ್ತದೆ. ಅಕ್ಷರ ಅಥವಾ ಚಿತ್ರದ ಹೊಟ್ಟೆಯೊಳಗೆ, ಭಾಗ ಭಾಗಗಳ ನಡುವೆ, ಮತ್ತು ಇಡೀ ಲೋಗೋದ ಸುತ್ತ. ಬಣ್ಣ ಬಿಳಿಯೇ ಆಗಬೇಕಿಲ್ಲ, ಹಿಂದೆ ಏನಿದೆಯೋ ಅದೇ. ಎಲ್ಲರೂ ನೋಡಿರುವ ಉದಾಹರಣೆ ಬೇಕಾದರೆ ಎಸ್‌ಬಿಐ ಗುರುತು ನೆನಪಿಸಿಕೊಳ್ಳಿ. 1971ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್ ಮಾಡಿದ್ದು. ನೀಲಿ ವೃತ್ತ, ನಡುವೆ ಸಣ್ಣ ಬಿಳಿ ಗುಂಡು, ಅಲ್ಲಿಂದ ಕೆಳಕ್ಕೆ ಒಂದು ಬಿಳಿ ಸೀಳು. ಆ ಬಿಳಿಯನ್ನು ತೆಗೆದರೆ ಉಳಿಯುವುದು ಬರೀ ನೀಲಿ ಬಿಲ್ಲೆ. ಅಂದರೆ ಅಲ್ಲಿ ಗುರುತು ಅಂತ ಏನಿದೆಯೋ ಅದೆಲ್ಲ ಖಾಲಿ ಜಾಗವೇ.

ಹಂತ 1: ಬಣ್ಣ ಬೇಡ, ಕಪ್ಪು ಮಾತ್ರ

ಕಂಪ್ಯೂಟರ್ ತೆರೆಯುವ ಮೊದಲು ಕಪ್ಪು ಕಾಗದ ಮತ್ತು ಕತ್ತರಿ ಹಿಡಿಯಿರಿ. ನಿಮ್ಮ ಸ್ಕೆಚ್ಚನ್ನು ಒರಟಾಗಿ ಕತ್ತರಿಸಿ ಬಿಳಿ ಹಾಳೆಯ ಮೇಲೆ ಇಡಿ. ಪೆನ್ನಿನಲ್ಲಿ ಬರೆಯುವಾಗ ಕಣ್ಣು ಗೆರೆಯನ್ನೇ ನೋಡುತ್ತಿರುತ್ತದೆ. ಕತ್ತರಿಸಿದ ತುಂಡುಗಳನ್ನು ಸರಿಸುವಾಗ ನಡುವಿನ ಸಂದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಆಮೇಲೆ ಹಾಳೆಯನ್ನು ತಲೆಕೆಳಗು ಮಾಡಿ. ಅಕ್ಷರ ಓದಲು ಬಾರದಿದ್ದಾಗ ಆಕಾರ ಮಾತ್ರ ಉಳಿಯುತ್ತದೆ. ಎಲ್ಲಿ ಕಪ್ಪು ಗುಡ್ಡೆ ಬಿದ್ದಿದೆ, ಎಲ್ಲಿ ಬಿಳಿ ತೂತು ಬಿದ್ದಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಕಣ್ಣು ಅರ್ಧ ಮುಚ್ಚಿಯೂ ನೋಡಿ. ಕಂಪ್ಯೂಟರಿನಲ್ಲೇ ಮಾಡುತ್ತೀರಾದರೆ ಕಪ್ಪು-ಬಿಳುಪು ಅದಲು ಬದಲು ಮಾಡಿದ ಒಂದು ಪ್ರತಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ವನ್ಯಜೀವಿ ರಕ್ಷಣೆಯ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ ಪಾಂಡಾ ಹುಟ್ಟಿದ್ದೇ ಹೀಗೆ, ಒಂದೇ ಬಣ್ಣದ ಲೆಕ್ಕದಲ್ಲಿ. 1961ರಲ್ಲಿ ಪೀಟರ್ ಸ್ಕಾಟ್ ಅದನ್ನು ಬರೆದಾಗ ಮುದ್ರಣದ ಖರ್ಚು ಉಳಿಯಲಿ ಎನ್ನುವುದೂ ಒಂದು ಕಾರಣವಾಗಿತ್ತು. 1986ರಲ್ಲಿ ಅದನ್ನು ಇನ್ನಷ್ಟು ಸರಳ ಮಾಡಿದರು. ಈಗಿನ ಪಾಂಡಾದ ತಲೆಯ ಮೇಲೆ ಗೆರೆ ಇಲ್ಲ, ಬೆನ್ನಿಗೂ ಇಲ್ಲ. ಆದರೂ ‘ಅರ್ಧ ಪಾಂಡಾ’ ಎಂದು ಯಾರಿಗೂ ಅನಿಸುವುದಿಲ್ಲ. ಕಿವಿ, ಕಣ್ಣು, ಕಾಲು ಸರಿಯಾದ ಜಾಗದಲ್ಲಿ ಇದ್ದರೆ ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ನಿಮ್ಮ ಸ್ಕೆಚ್ಚಿನಲ್ಲೂ ಒಂದೊಂದೇ ಗೆರೆ ತೆಗೆಯುತ್ತಾ ಹೋಗಿ. ಗುರುತು ಸಿಗದ ಹಾಗೆ ಆದ ಕೂಡಲೇ ಕೊನೆಗೆ ತೆಗೆದದ್ದನ್ನು ವಾಪಸ್ ಹಾಕಿ. ಅಲ್ಲಿಗೆ ನಿಲ್ಲಿಸಿ.

ಹಂತ 2: ಕನ್ನಡ ಅಕ್ಷರದ ಒಳಗೆ

ಲೋಗೋ ಪಾಠಗಳು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರ ಇಟ್ಟುಕೊಂಡೇ ಹೇಳುತ್ತವೆ. ನಮ್ಮ ಲಿಪಿಯಲ್ಲಿ ತಾಪತ್ರಯ ಬೇರೆ, ಸ್ವಲ್ಪ ಜಾಸ್ತಿಯೇ. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಬೇಕರಿಯೊಂದಕ್ಕೆ ‘ಅಕ್ಕರೆ’ ಎಂದು ಹೆಸರಿಟ್ಟಿದ್ದೀರಿ ಅಂದುಕೊಳ್ಳಿ. ಯಾವುದಾದರೂ ಫಾಂಟಿನಲ್ಲಿ, ನೋಟೊ ಸಾನ್ಸ್ ಕನ್ನಡವೋ ಅನೇಕ್ ಕನ್ನಡವೋ, 200 ಪಾಯಿಂಟಿಗೆ ಟೈಪ್ ಮಾಡಿ ನೋಡಿ. ಬಹಳಷ್ಟು ಕನ್ನಡ ಫಾಂಟುಗಳಲ್ಲಿ ಒತ್ತಕ್ಷರ ನೇರ ಕೆಳಗೆ ಕೂರುವುದಿಲ್ಲ, ಬಲಕ್ಕೆ ಸರಿದು ಕೂರುತ್ತದೆ. ಅದು ಎಷ್ಟು ಸರಿದಿರುತ್ತದೋ ಅಷ್ಟು ಖಾಲಿ ಮೇಲಿನ ಸಾಲಿನಲ್ಲಿ ಬೀಳುತ್ತದೆ. ಪುಸ್ತಕದ ಸಾಲಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಬೋರ್ಡಿನ ಮೇಲೆ ಒಂದು ಅಡಿ ಎತ್ತರದಲ್ಲಿ ಬಂದಾಗ ಮಾತ್ರ ‘ಅಕ್ಕ’ ಒಂದು ಕಡೆ, ‘ರೆ’ ಇನ್ನೊಂದು ಕಡೆ. ಓದುವವರು ‘ಅಕ್ಕ, ರೆ’ ಎಂದು ತಡವರಿಸುತ್ತಾರೆ.

ಸರಿ ಮಾಡುವುದು ಹೀಗೆ. ಅಕ್ಷರಗಳನ್ನು ಕರ್ವ್ ಮಾಡಿಕೊಳ್ಳಿ, ಅಂದರೆ ಟೈಪ್ ಮಾಡಿದ್ದನ್ನು ತಿದ್ದಲು ಬರುವ ಆಕಾರವಾಗಿ ಬದಲಾಯಿಸಿ. ಒತ್ತನ್ನು ಬಿಡಿಸಿ ಎಡಕ್ಕೆ ಎಳೆದು ಕ ಅಡಿಗೆ ತನ್ನಿ. ಜಾಗ ಸಾಲದಿದ್ದರೆ ಒತ್ತನ್ನು ಸ್ವಲ್ಪ ಚಿಕ್ಕದು ಮಾಡಿ. ಆದರೆ ಸುಮ್ನೆ ಮೂಲೆ ಹಿಡಿದು ಕುಗ್ಗಿಸಬೇಡಿ, ಗೆರೆ ತೆಳ್ಳಗಾಗಿ ಬೇರೆ ಫಾಂಟಿನ ಅಕ್ಷರ ತಂದು ಅಂಟಿಸಿದ ಹಾಗೆ ಕಾಣುತ್ತದೆ. ಗೆರೆಯ ದಪ್ಪವನ್ನು ಮತ್ತೆ ಕೂಡಿಸಿಕೊಳ್ಳಬೇಕು. ಕೊನೆಗೆ ರೆಯನ್ನು ಕ ಹತ್ತಿರಕ್ಕೆ ತನ್ನಿ.

ಎಷ್ಟು ಹತ್ತಿರ? ಸ್ಕೇಲ್ ಇಟ್ಟು ಅಳೆಯುವುದು ಉಪಯೋಗಕ್ಕೆ ಬರುವುದಿಲ್ಲ. ಎರಡು ಗುಂಡು ಅಕ್ಷರಗಳ ನಡುವೆ ಮೇಲೂ ಕೆಳಗೂ ಜಾಗ ಬಿಚ್ಚಿಕೊಂಡಿರುತ್ತದೆ. ನೇರ ಗೆರೆಗಳ ನಡುವೆ ಹಾಗಿರುವುದಿಲ್ಲ. ಪ್ರತಿ ಸಂದಿಗೂ ರಾಗಿ ಸುರಿದರೆ ಎಲ್ಲ ಕಡೆ ಹೆಚ್ಚುಕಡಿಮೆ ಅಷ್ಟೇ ರಾಗಿ ಹಿಡಿಯಬೇಕು, ಅದು ಲೆಕ್ಕ. ಮಿಲಿಮೀಟರಿನಲ್ಲಿ ದೂರ ಬೇರೆ ಬೇರೆ ಬಂದರೂ ಪರವಾಗಿಲ್ಲ.

ಇನ್ನು ಅಕ್ಷರದ ಹೊಟ್ಟೆ. ‘ಬೋಲ್ಡ್ ಮಾಡಿ’ ಎನ್ನುವ ಮಾತು ಪ್ರತಿ ಕೆಲಸದಲ್ಲೂ ಬಂದೇ ಬರುತ್ತದೆ. ಕನ್ನಡದಲ್ಲಿ ದಪ್ಪ ಮಾಡಿದಷ್ಟೂ ಒಳಗಿನ ಬಿಳಿ ಮುಚ್ಚುತ್ತದೆ. ಅ, ಈ, ಣ, ಹ ಇವುಗಳ ಸುರುಳಿಗಳು ಮೊದಲು ಕಟ್ಟಿಕೊಳ್ಳುತ್ತವೆ. ಇನ್ನೂ ಅಪಾಯ ಇರುವುದು ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಜೋಡಿಗಳಲ್ಲಿ. ಕೆಳಗಿನ ಒಂದು ಸಣ್ಣ ಸೀಳಷ್ಟೇ ಅವುಗಳ ವ್ಯತ್ಯಾಸ. ಸೀಳಿನ ಅಕ್ಕಪಕ್ಕದ ಬಿಳಿ ಮುಚ್ಚಿಹೋದರೆ ‘ಧನ’ ಮಾರುವವರ ಬೋರ್ಡು ‘ದನ’ ಮಾರುತ್ತದೆ. ಅಕ್ಷರದೊಳಗಿನ ಅತಿ ಕಿರಿದಾದ ಬಿಳಿ ಕೂಡ ಗೆರೆಯ ದಪ್ಪದ ಅರ್ಧಕ್ಕಿಂತ ಕಡಿಮೆ ಆಗದಂತೆ ನೋಡಿಕೊಳ್ಳಿ ಎನ್ನುವುದು ನನ್ನ ಸಲಹೆ. ಅದಕ್ಕಿಂತ ದಪ್ಪ ಬೇಕು ಎಂದು ಹಟ ಹಿಡಿದರೆ ಅಕ್ಷರವನ್ನು ಅಗಲ ಮಾಡಿ. ಅನೇಕ್‌ನಂಥ ಫಾಂಟುಗಳಲ್ಲಿ ಅಗಲ ಮತ್ತು ದಪ್ಪ ಎರಡನ್ನೂ ಬೇರೆ ಬೇರೆಯಾಗಿ ಬದಲಾಯಿಸಬಹುದು.

ಹಂತ 3: ಅಡಗಿಸಿದ ಚಿತ್ರ ಬೇಕೇ?

ಖಾಲಿ ಜಾಗ ಎಂದ ಕೂಡಲೇ ಎಲ್ಲರೂ ಹೇಳುವುದು ಪಾರ್ಸಲ್ ಕಂಪನಿ ಫೆಡ್‌ಎಕ್ಸ್‌ನ ಬಾಣದ ಕಥೆ. 1994ರಲ್ಲಿ ಲ್ಯಾಂಡೋರ್ ಎಂಬ ಡಿಸೈನ್ ಕಂಪನಿಯ ಲಿಂಡನ್ ಲೀಡರ್ ಮಾಡಿದ್ದು. ದೊಡ್ಡ ಇ ಮತ್ತು ಚಿಕ್ಕ ಎಕ್ಸ್ ನಡುವಿನ ಬಿಳಿಯಲ್ಲಿ ಬಲಕ್ಕೆ ಮುಖ ಮಾಡಿದ ಬಾಣ ಇದೆ. ಆದರೆ ಆ ಬಾಣ ಯಾವ ಫಾಂಟಿನಲ್ಲೂ ಸಿದ್ಧವಾಗಿ ಸಿಕ್ಕಿದ್ದಲ್ಲ. ಯೂನಿವರ್ಸ್ ಮತ್ತು ಫ್ಯೂಚುರಾ ಎಂಬ ಎರಡು ಫಾಂಟುಗಳ ಗುಣ ಸೇರಿಸಿ, ಚಿಕ್ಕ ಅಕ್ಷರದ ಎತ್ತರ ಏರಿಸಿ, ಅಕ್ಷರಗಳನ್ನೇ ತಿದ್ದಿ ತಿದ್ದಿ ಅದನ್ನು ಕೂರಿಸಿದರು. ಅದಕ್ಕೆ ಬಣ್ಣ ತುಂಬಿ ಎದ್ದು ಕಾಣುವಂತೆ ಮಾಡಲಿಲ್ಲ ಎನ್ನುವುದನ್ನೂ ಗಮನಿಸಿ.

ನನಗೆ ಮುಖ್ಯ ಅನಿಸುವುದು ಬೇರೆ. ಬಾಣ ಕಾಣದವರಿಗೂ ಅದು ಒಳ್ಳೆಯ ಲೋಗೋ. ಹೆಸರು ಸ್ಪಷ್ಟ, ಬಣ್ಣ ಸ್ಪಷ್ಟ. ಎಷ್ಟೋ ಜನ ವರ್ಷಗಟ್ಟಲೆ ನೋಡಿಯೂ ಬಾಣ ಗಮನಿಸಿರುವುದಿಲ್ಲ, ಆದರೂ ಪಾರ್ಸಲ್ ಯಾರದ್ದು ಎಂದು ಗೊತ್ತಾಗುತ್ತದೆ. ಫಾರ್ಮುಲಾ ಒನ್‌ನ ಹಳೆಯ ಲೋಗೋ ನೋಡಿ. ಕಪ್ಪು ಎಫ್ ಮತ್ತು ಕೆಂಪು ಗೆರೆಗಳ ನಡುವಿನ ಬಿಳಿಯಲ್ಲಿ 1 ಇತ್ತು. ಅಲ್ಲಿ 1 ಕಾಣದಿದ್ದರೆ ಹೆಸರಿನ ಅರ್ಧವೇ ಕಾಣಲಿಲ್ಲ ಎಂದಾಯಿತು. ಜಾಣತನ ಮೆಚ್ಚಬೇಕಾದ್ದೇ, ಆದರೆ ಓದಬೇಕಾದ ಅಕ್ಷರವನ್ನು ಅಡಗಿಸುವುದು ಜೂಜು. 2017ರಲ್ಲಿ ಅವರು ಅದನ್ನು ಬಿಟ್ಟು ಹೊಸದಕ್ಕೆ ಹೋದರು.

ಅಮೆರಿಕದ ಎನ್‌ಬಿಸಿ ಟಿವಿಯ ನವಿಲು ಇನ್ನೊಂದು ದಾರಿ ತೋರಿಸುತ್ತದೆ. 1986ರಲ್ಲಿ ಅದರ ಗರಿಗಳನ್ನು 11ರಿಂದ 6ಕ್ಕೆ ಇಳಿಸಿದರು. ನವಿಲಿನ ಮೈಯನ್ನು ಬರೆಯಲೇ ಇಲ್ಲ, ಗರಿಗಳ ನಡುವೆ ಉಳಿದ ಬಿಳಿಯೇ ಮೈ. ಇಲ್ಲಿ ಅಡಗಿಸುವ ಆಟ ಇಲ್ಲ. ನೋಡಿದ ತಕ್ಷಣ ಕಾಣುತ್ತದೆ. ಸಣ್ಣ ವ್ಯಾಪಾರಕ್ಕೆ ನಾನು ಹೇಳುವುದು ಇದನ್ನೇ: ಒಗಟು ಬೇಡ, ಕೆಲಸಕ್ಕೆ ಬರುವ ಬಿಳಿ ಸಾಕು.

ಕನ್ನಡದಲ್ಲಿ ಒಂದು ಹೊಂಡ ಕಾದಿರುತ್ತದೆ. ಮತ್ತೆ ನಮ್ಮ ‘ಅಕ್ಕರೆ’ಗೇ ಬನ್ನಿ. ಬೇಕರಿ ಅಲ್ವಾ, ರ ಹೊಟ್ಟೆಯಲ್ಲಿ ಒಂದು ಪುಟ್ಟ ಬನ್ನು ಕೂರಿಸುವ ಆಸೆ ಯಾರಿಗಾದರೂ ಬರುತ್ತದೆ. ಕೂರಿಸಿದರೆ ಅದು ಠ ಆಗುತ್ತದೆ. ಅಂಗಡಿಯ ಹೆಸರು ‘ಅಕ್ಕಠೆ’. ಅಕ್ಷರದೊಳಗೆ ಏನೇ ಇಡುವ ಮೊದಲು ಆ ಜಾಗದಲ್ಲಿ ಚುಕ್ಕೆಯೋ ಗೆರೆಯೋ ಇರುವ ಬೇರೆ ಕನ್ನಡ ಅಕ್ಷರ ಇದೆಯೇ ಎಂದು ನೋಡಿಕೊಳ್ಳಿ. ನಿಮಗೆ ಹೆಸರು ಮೊದಲೇ ಗೊತ್ತಿರುವುದರಿಂದ ಈ ತಪ್ಪು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಹೆಸರು ಗೊತ್ತಿಲ್ಲದ ಒಬ್ಬರಿಗೆ ತೋರಿಸಿ ಜೋರಾಗಿ ಓದಿಸಿ.

ಹಂತ 4: ಸುತ್ತಲಿನ ಜಾಗ ಅಳೆಯುವುದು

‘ಸುತ್ತ ಒಂದು ಸೆಂಟಿಮೀಟರ್ ಬಿಡಿ’ ಎಂದು ಬರೆದುಕೊಟ್ಟರೆ ವಿಸಿಟಿಂಗ್ ಕಾರ್ಡಿನಲ್ಲಿ ಅದು ಜಾಸ್ತಿ, ಬೋರ್ಡಿನಲ್ಲಿ ಏನೇನೂ ಸಾಲದು. ಹಾಗಾಗಿ ಅಳತೆಗೋಲು ಲೋಗೋದೊಳಗೇ ಇರಬೇಕು. ‘ಅಕ್ಕರೆ’ಯಲ್ಲಿ ರ ಎತ್ತರವನ್ನು ಅಳತೆ ಎಂದು ಇಟ್ಟುಕೊಳ್ಳೋಣ. ನಾಲ್ಕೂ ಕಡೆ ಒಂದೊಂದು ರ ಜಾಗ, ಅದರೊಳಗೆ ಬೇರೆ ಏನೂ ಬರಬಾರದು. ಲೋಗೋ ದೊಡ್ಡದಾದರೆ ಜಾಗವೂ ತಾನಾಗಿ ದೊಡ್ಡದಾಗುತ್ತದೆ.

ಲೆಕ್ಕ ಹಾಕಿ ನೋಡಿ. ಕಾರ್ಡು ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರ. ಅಂದರೆ ಸುಮಾರು 89 ಮತ್ತು 51 ಮಿ.ಮೀ. ಲೋಗೋ ಅಗಲ 30 ಮಿ.ಮೀ., ರ ಎತ್ತರ 6 ಮಿ.ಮೀ. ಅಂದರೆ ಲೋಗೋಗೆ ಬೇಕಾದ ಅಗಲ 42 ಮಿ.ಮೀ. ಉಳಿದ 47ರಲ್ಲಿ ಹೆಸರು, ನಂಬರು, ವಿಳಾಸ ಮತ್ತು ಅಂಚಿನ ಮಾರ್ಜಿನ್. ಸಾಲದು ಅನಿಸಿದರೆ ವಿಳಾಸವನ್ನು ಹಿಂಬದಿಗೆ ಕಳಿಸಿ. ಕಟಿಂಗ್ ಮಾಡುವಾಗ ಕತ್ತಿ ಒಂದು ಮಿ.ಮೀ. ಆಚೀಚೆ ಆಗುವುದು ಮಾಮೂಲು, ಹಾಗಾಗಿ ಅಂಚಿಗೆ 4 ಮಿ.ಮೀ.ಗಿಂತ ಹತ್ತಿರ ಯಾವ ಅಕ್ಷರವೂ ಹೋಗದಿರಲಿ.

ಅಳೆಯಲು ಶುರು ಮಾಡುವುದು ಎಲ್ಲಿಂದ ಎನ್ನುವುದು ಮುಖ್ಯ. ಕೆಳಗೆ ಒತ್ತಕ್ಷರದ ಅಡಿಯಿಂದ, ಮೇಲೆ ಎತ್ವ ಅಥವಾ ಗುಡಿಸಿನ ತುದಿಯಿಂದ. ಆದರೆ ನಡುವಿಗೆ ಕೂರಿಸುವಾಗ ಇದೇ ಲೆಕ್ಕ ಕೈಕೊಡುತ್ತದೆ. ಡಿಸೈನ್ ಸಾಫ್ಟ್‌ವೇರ್‌ಗಳು, ಕೋರೆಲ್ ಆಗಲಿ ಇಲಸ್ಟ್ರೇಟರ್ ಆಗಲಿ, ಒತ್ತನ್ನೂ ಸೇರಿಸಿಕೊಂಡು ಮಧ್ಯ ಹುಡುಕುತ್ತವೆ. ಹಾಗಾಗಿ ಅಕ್ಷರಗಳ ಮುಖ್ಯ ಸಾಲು ಮೇಲಕ್ಕೆ ಹಾರಿದಂತೆ ಕಾಣುತ್ತದೆ. ಸೆಂಟರ್ ಒತ್ತಿದ ಮೇಲೆ ಕೈಯಿಂದ ಒಂದಿಷ್ಟು ಕೆಳಗಿಳಿಸಿ. ಒತ್ತು ಎಷ್ಟು ಕೆಳಗೆ ಇಳಿದಿದೆಯೋ ಅದರ ಕಾಲು ಭಾಗದಿಂದ ಅರ್ಧದವರೆಗೆ ಇಳಿಸಿದರೆ ಸಾಮಾನ್ಯವಾಗಿ ಕಣ್ಣಿಗೆ ಸರಿಹೋಗುತ್ತದೆ.

ವಾಟ್ಸಾಪ್, ಇನ್‌ಸ್ಟಾಗ್ರಾಂ ಡಿಪಿಗಳು ಗುಂಡಗೆ ಕತ್ತರಿಸುತ್ತವೆ. ಚೌಕದ ನಾಲ್ಕು ಮೂಲೆಯಲ್ಲಿ ಒಟ್ಟು ಶೇ. 21ಕ್ಕೂ ಹೆಚ್ಚು ಜಾಗ ಹೋಗುತ್ತದೆ. ಚೌಕಾಕಾರದ ಗುರುತಾದರೆ ಅದರ ಅಗಲ ಡಿಪಿ ಅಗಲದ ಶೇ. 70 ಮೀರಬಾರದು, ಅದೂ ವೃತ್ತಕ್ಕೆ ತಾಗಿಕೊಂಡೇ ಇರುತ್ತದೆ. ನಾನಾದರೆ ಶೇ. 60ಕ್ಕೆ ನಿಲ್ಲಿಸುತ್ತೇನೆ. ಆಂಡ್ರಾಯ್ಡ್ ಆ್ಯಪ್ ಐಕಾನಿಗೆ ಗೂಗಲ್ ಹೇಳುವ ಲೆಕ್ಕವೂ ಇದರ ಹತ್ತಿರವೇ ಇದೆ: 108ರ ಚೌಕದಲ್ಲಿ ನಡುವಿನ 66ರ ವೃತ್ತ ಮಾತ್ರ ಖಂಡಿತ ಉಳಿಯುವ ಜಾಗ. ಪೂರ್ತಿ ಹೆಸರನ್ನು ಡಿಪಿಯಲ್ಲಿ ತುರುಕುವುದಕ್ಕಿಂತ ಬರೀ ‘ಅ’ ಹಾಕುವುದು ವಾಸಿ.

ಹಂತ 5: ಬೋರ್ಡು

ಕರ್ನಾಟಕದಲ್ಲಿ ಅಂಗಡಿ ಬೋರ್ಡಿನ ಶೇ. 60ರಷ್ಟು ಕನ್ನಡ ಇರಬೇಕು ಎಂದು 2024ರಲ್ಲಿ ಕಾನೂನು ತಿದ್ದುಪಡಿ ಆಯಿತು. ಹಲವರು ಇದನ್ನು ಕೊನೆಗಳಿಗೆಯಲ್ಲಿ, ಇಂಗ್ಲಿಷ್ ಹೆಸರಿನ ಮೇಲೆ ಕನ್ನಡ ಪಟ್ಟಿ ಅಂಟಿಸಿ ಮುಗಿಸಿದರು. ಎರಡೂ ಲಿಪಿ ಒಂದರ ಮೇಲೊಂದು ಬಿದ್ದು ಉಸಿರಾಡಲು ಜಾಗವಿಲ್ಲ. ಕನ್ನಡವನ್ನು ಮೊದಲು ಕೂರಿಸಿ, ಇಂಗ್ಲಿಷನ್ನು ಅದರ ಕೆಳಗೆ ಚಿಕ್ಕದಾಗಿ ಇಡಿ. ಎರಡರ ನಡುವಿನ ಸಂದನ್ನು ಒತ್ತಕ್ಷರದ ಅಡಿಯಿಂದ ಅಳೆಯಿರಿ. ಇಲ್ಲದಿದ್ದರೆ ಒತ್ತು ಹೋಗಿ ಇಂಗ್ಲಿಷ್ ಅಕ್ಷರದ ತಲೆಗೆ ಬಡಿಯುತ್ತದೆ.

10 ಅಡಿಗೆ ಒಂದು ಇಂಚು ಅಕ್ಷರ ಎನ್ನುವುದು ಬೋರ್ಡಿನವರ ಹಳೆಯ ಲೆಕ್ಕ. 60 ಅಡಿ ದೂರದಿಂದ ಓದಬೇಕಾದರೆ 6 ಇಂಚು. ಆದರೆ ಇದು ಇಂಗ್ಲಿಷ್ ದೊಡ್ಡಕ್ಷರದ ಲೆಕ್ಕ. ಸುರುಳಿ, ಒತ್ತು ಇರುವ ಕನ್ನಡಕ್ಕೆ ಅದರ ಮೇಲೆ ಇನ್ನಷ್ಟು ಸೇರಿಸಿ. ಪದಾರ್ಥಗಳ ಪಟ್ಟಿ ಬೇಕೇ ಬೇಕು ಎಂದರೆ ಅದಕ್ಕೆ ಬಾಗಿಲ ಪಕ್ಕದ ಸ್ಟ್ಯಾಂಡಿ ಇದೆ. ಅದನ್ನು ಓದುವವರು ಆಗಲೇ ಅಂಗಡಿ ಮುಂದೆ ನಿಂತಿರುತ್ತಾರೆ.

ಹಂತ 6: ಎಷ್ಟು ಖಾಲಿ ಇದ್ದರೆ ನಿಮ್ಮ ವ್ಯಾಪಾರಕ್ಕೆ ಸರಿ?

ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂದು ನಾನು ಒಪ್ಪುವುದಿಲ್ಲ. 1959ರ ಫೋಕ್ಸ್‌ವ್ಯಾಗನ್ ಜಾಹೀರಾತಿನಲ್ಲಿ ಪುಟದ ಬಹುಭಾಗ ಖಾಲಿ ಬಿಟ್ಟು ಎಡ ಮೇಲ್ಮೂಲೆಯ ಕಡೆ ಪುಟಾಣಿ ಕಾರು ಇಟ್ಟಿದ್ದರು. ಕೆಳಗೆ ‘ಚಿಕ್ಕದಾಗಿ ಯೋಚಿಸಿ’ ಎನ್ನುವ ಅರ್ಥದ ಸಾಲು. ದೊಡ್ಡ ದೊಡ್ಡ ಕಾರುಗಳ ಅಮೆರಿಕದಲ್ಲಿ ‘ನಮ್ಮದು ಚಿಕ್ಕದು’ ಎಂದು ಆ ಬಿಳಿಯೇ ಹೇಳುತ್ತಿತ್ತು. ಅಲ್ಲಿ ಖಾಲಿಗೆ ಹೇಳಲು ಒಂದು ಮಾತಿತ್ತು.

ನಿಮ್ಮ ಖಾಲಿ ಏನು ಹೇಳುತ್ತದೆ? ಮದುವೆ ಸೀರೆ ಅಂಗಡಿಯ ಜಾಹೀರಾತು ತೀರಾ ಖಾಲಿ ಇದ್ದರೆ ‘ಇದು ನಮ್ಮ ಜೇಬಿಗೆ ಆಗೋದಲ್ಲ’ ಎಂದು ಜನ ಒಳಗೇ ಬರುವುದಿಲ್ಲ. ಊದುಬತ್ತಿ ಪ್ಯಾಕೆಟ್ಟು, ಪಟಾಕಿ ಡಬ್ಬಿಗಳ ತುಂಬಿದ ನೋಟಕ್ಕೂ ಅದರದ್ದೇ ಚೆಲುವಿದೆ, ಹಬ್ಬದ ಕಳೆ ಇದೆ. ಅಂಥ ಕಡೆ ಸುತ್ತಮುತ್ತ ಎಷ್ಟು ಬೇಕಾದರೂ ತುಂಬಿ, ಹೆಸರಿನ ಸುತ್ತ ಮಾತ್ರ ಆ ಒಂದು ರ ಜಾಗ ಬಿಡಿ. ತುಂಬಿದ ಪ್ಯಾಕೆಟ್ಟಿನಲ್ಲಿ ಅಷ್ಟು ಖಾಲಿಯೇ ಎದ್ದು ಕಾಣುತ್ತದೆ.

ತಿಂಡಿ ಪ್ಯಾಕೆಟ್ ಆದರೆ ಕಾನೂನು ಕೇಳುವ ವಿವರಗಳಿಗೆ ಮೊದಲೇ ಜಾಗ ಎತ್ತಿಡಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ನಂಬರು, ತೂಕ, ಎಂಆರ್‌ಪಿ, ಹಸಿರು ಚುಕ್ಕೆಯ ಚೌಕ. ಕೊನೆಗೆ ನೆನಪಾದರೆ ಇವೆಲ್ಲ ಬಂದು ಕೂರುವುದು ಲೋಗೋ ಪಕ್ಕದ ಖಾಲಿಯಲ್ಲೇ.

ಹಂತ 7: ಅಚ್ಚು ಹಾಕಿ ನೋಡುವುದು

ಸ್ಕ್ರೀನಿನಲ್ಲಿ ಕಂಡ ಬಿಳಿ ಕಾಗದದ ಮೇಲೆ ಹಾಗೇ ಉಳಿಯುವುದಿಲ್ಲ. ಇಂಕು ಹರಡುತ್ತದೆ. ಕಪ್ಪು ಅಕ್ಷರದ ಹೊಟ್ಟೆ ಕಿರಿದಾಗುತ್ತದೆ. ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಅಕ್ಷರ ಸುತ್ತಲಿಂದ ತಿನ್ನಿಸಿಕೊಂಡು ತೆಳ್ಳಗಾಗುತ್ತದೆ. ತಮಾಷೆಯೆಂದರೆ ಮೊಬೈಲ್ ಸ್ಕ್ರೀನಿನಲ್ಲಿ ಇದು ಉಲ್ಟಾ, ಕಪ್ಪಿನ ಮೇಲಿನ ಬಿಳಿ ಅಕ್ಷರ ಬೆಳಗಿ ದಪ್ಪ ಕಾಣುತ್ತದೆ. ಹಾಗಾಗಿ ಬಿಳಿ ಅಕ್ಷರದ ಲೋಗೋಗೆ ಎರಡು ಪ್ರತಿ ಬೇಕು: ಮುದ್ರಣಕ್ಕೆ ಒಂದು ಕೂದಲೆಳೆ ದಪ್ಪ, ಸ್ಕ್ರೀನಿಗೆ ಒಂದು ಕೂದಲೆಳೆ ತೆಳು.

ರಬ್ಬರ್ ಸೀಲು, ಯೂನಿಫಾರ್ಮಿನ ಕಸೂತಿ, ಬಿಲ್ ಪ್ರಿಂಟರು, ಜೆರಾಕ್ಸ್‌ನ ಜೆರಾಕ್ಸ್. ಈ ನಾಲ್ಕರಲ್ಲಿ ಸಂದುಗಳು ಉಳಿದರೆ ಇನ್ನೆಲ್ಲ ಕಡೆ ಉಳಿಯುತ್ತವೆ. ಉಳಿಯದಿದ್ದರೆ ಸಂದುಗಳನ್ನು ಇನ್ನಷ್ಟು ಬಿಡಿಸಿದ, ಸಣ್ಣ ಗೆರೆಗಳನ್ನು ತೆಗೆದ ‘ಸಣ್ಣ ಅಳತೆ’ಯ ಲೋಗೋ ಬೇರೆ ಮಾಡಿ, ಎಷ್ಟು ಮಿ.ಮೀ.ಗಿಂತ ಕೆಳಗೆ ಅದನ್ನು ಬಳಸಬೇಕು ಎಂದು ಬರೆಯಿರಿ. ಬ್ರೌಸರ್ ಟ್ಯಾಬಿನ 16 ಪಿಕ್ಸೆಲ್ ಐಕಾನಿನಲ್ಲಿ ಒಂದೇ ಅಕ್ಷರಕ್ಕಿಂತ ಜಾಸ್ತಿ ಏನೂ ಆಗದು.

ಹಂತ 8: ಒಪ್ಪಿಸುವುದು, ಕೊಟ್ಟು ಕಳಿಸುವುದು

ಲ್ಯಾಪ್‌ಟಾಪಿನಲ್ಲಿ ತೋರಿಸಿದರೆ ಖಾಲಿ ಜಾಗ ಯಾವಾಗಲೂ ಸೋಲುತ್ತದೆ. ಒಂದು ಅಡಿ ದೂರದಿಂದ ನೋಡುವಾಗ ಎಲ್ಲ ಸಣ್ಣ ಅಕ್ಷರವೂ ಓದಬಹುದು, ಹಾಗಾಗಿ ಖಾಲಿ ಇರುವುದು ದಂಡ ಅನಿಸುತ್ತದೆ. ತುಂಬಿದ್ದು ಒಂದು, ಬಿಡಿಸಿದ್ದು ಒಂದು, ಎರಡನ್ನೂ ಪ್ರಿಂಟ್ ಹಾಕಿ ಅಂಗಡಿ ಮುಂದೆ ಅಂಟಿಸಿ. ಮಾಲೀಕರನ್ನು ರಸ್ತೆ ದಾಟಿಸಿ ಕರೆದುಕೊಂಡು ಹೋಗಿ ನಿಲ್ಲಿಸಿ. ಏನೂ ಹೇಳಬೇಡಿ, ‘ಯಾವುದು ಓದೋಕೆ ಬರುತ್ತೆ ಸಾರ್?’ ಎಂದು ಕೇಳಿ ಅಷ್ಟೇ. ‘ಲೋಗೋ ಇನ್ನೂ ದೊಡ್ಡದು ಮಾಡಿ’ ಎಂದರೆ ಪಕ್ಕದ ಒಂದು ಐಟಂ ತೆಗೆದು ಅದೇ ಅಳತೆಯಲ್ಲಿ ಮತ್ತೆ ತೋರಿಸಿ. ಬಹಳ ಸಲ ಅಷ್ಟಕ್ಕೇ ದೊಡ್ಡದಾಗಿ ಕಾಣುತ್ತದೆ.

ಒಪ್ಪಿಗೆ ಸಿಕ್ಕಿದ ಮೇಲೆ ಒಂದೇ ಪುಟದ ನಿಯಮ ಬರೆದುಕೊಡಿ. ಸುತ್ತ ಎಷ್ಟು ಜಾಗ, ಅತಿ ಚಿಕ್ಕ ಅಳತೆ ಯಾವುದು, ಏನು ಮಾಡಬಾರದು. 40 ಪುಟದ ಬ್ರ್ಯಾಂಡ್ ಪುಸ್ತಕವನ್ನು ಫ್ಲೆಕ್ಸ್ ಹಾಕುವ ಹುಡುಗ ತೆರೆಯುವುದಿಲ್ಲ. ಅವನು ತೆರೆಯುವುದು ಲೋಗೋ ಫೈಲನ್ನು ಮಾತ್ರ. ಆದ್ದರಿಂದ ಜಾಗವನ್ನು ಫೈಲಿನೊಳಗೇ ಸೇರಿಸಿ: ಪಿಎನ್‌ಜಿಯಲ್ಲಿ ಸುತ್ತ ಪಾರದರ್ಶಕ ಮಾರ್ಜಿನ್, ಪಿಡಿಎಫ್ ಮತ್ತು ಎಸ್‌ವಿಜಿಯಲ್ಲಿ ಬಣ್ಣವಿಲ್ಲದ, ಗೆರೆಯಿಲ್ಲದ ಒಂದು ಆಯತ. ಆಗ ಪಕ್ಕಕ್ಕೆ ಏನೇ ತಂದು ಅಂಟಿಸಿದರೂ ಒಂದು ರ ದೂರದಲ್ಲೇ ನಿಲ್ಲುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಹೋದರೆ ಪಾರದರ್ಶಕ ಜಾಗಕ್ಕೆಲ್ಲ ಬಣ್ಣ ತುಂಬಿಕೊಳ್ಳುತ್ತದೆ, ಮುಂದಿನವರು ಅದನ್ನು ಅಂಚಿಗಂಟಿ ಕತ್ತರಿಸಿಯೇ ಬಳಸುತ್ತಾರೆ.